ಬಾಪುಸಾಹೇಬರ ಹಿತ್ತಾಳೆ ಇಸ್ತ್ರಿ

ಇದು ನಡೆದದ್ದು. ನಂಬಿ ಎಂದು ಯಾರನ್ನೂ ಬೇಡಿಕೊಳ್ಳುವ ವಯಸ್ಸು ನನ್ನದಲ್ಲ. ಬೇಕಿದ್ದರೆ ಓದಿ, ಬೇಡವಾದರೆ ಪುಟ ತಿರುವಿ.

ಹೋದ ತಿಂಗಳು ಗದಗಿನಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಹಳೆಯ ಹಿತ್ತಾಳೆ ಇಸ್ತ್ರಿ ಪೆಟ್ಟಿಗೆಯೊಂದನ್ನು ಇಟ್ಟಿದ್ದರು. ಫಳಫಳ ತಿಕ್ಕಿ, ಕೆಂಡ ಹಾಕುವ ಜಾಗದಲ್ಲಿ ಪ್ಲಾಸ್ಟಿಕ್ ಹೂವು ತುಂಬಿದ್ದರು. "ಹಳೇ ಕಾಲದ್ದುರಿ, ಎಷ್ಟ ಚಂದ ಐತಿ ನೋಡ್ರಿ" ಎಂದು ಮನೆಯಾಕೆ ಅದನ್ನು ತೆಗೆದು ನನ್ನ ಕೈಗೆ ಕೊಡಲು ಬಂದಳು. ನಾನು ಹಿಡಿಯಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಪಾಪ, ಆಕೆಯ ತಪ್ಪೇನೂ ಇರಲಿಲ್ಲ. ಆದರೆ ಅವತ್ತು ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ನನಗೆ ಹತ್ತೊಂಬತ್ತು ತುಂಬಿ ಇಪ್ಪತ್ತು. ಶಿರಹಟ್ಟಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದೆ. ಅಪ್ಪ ತೀರಿಹೋಗಿದ್ದ. ಬೆಟಗೇರಿಯಲ್ಲಿ ಅವ್ವ ಒಬ್ಬಳೇ. ಒಂಟಿ ಹುಡುಗಿಗೆ ಪರ ಊರಿನಲ್ಲಿ ಯಾರು ಮನೆ ಕೊಡುತ್ತಾರೆ? ಕೊನೆಗೆ ಹೆಡ್‌ಮಾಸ್ತರರೇ ಓಡಾಡಿ, ಬಾಪುಸಾಹೇಬರು ಎಂಬವರ ಮನೆಯ ಮಾಳಿಗೆಯ ಮೇಲೆ ಒಂದು ಖೋಲಿ ಕೊಡಿಸಿದರು. "ದೊಡ್ಡ ಮನಿತನ, ಮರ್ಯಾದಸ್ಥರು, ನಿಮಗೇನೂ ಚಿಂತಿ ಇಲ್ಲ" ಎಂದರು.

ಶಿರಹಟ್ಟಿ ಅಲ್ಲಿಯವರೆಗೆ ಸಂಸ್ಥಾನದ ಊರು. ಬಾಪುಸಾಹೇಬರು ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಸಂಸ್ಥಾನ ಮುಂಬಯಿ ಸರಕಾರದಲ್ಲಿ ಕರಗಿಹೋದಾಗ ಅವರ ಕುರ್ಚಿಯೂ ಹೋಯಿತು. ಹೊಸ ಸರಕಾರ ಅವರನ್ನು ಕರೆಯಲಿಲ್ಲ. ಆದರೂ ದಿನಾ ಬೆಳಿಗ್ಗೆ ಕರಿ ಕೋಟು, ಗಂಜಿ ಹಾಕಿದ ಧೋತರ, ರುಮಾಲು ಸುತ್ತಿಕೊಂಡು ಚಾವಡಿಯ ಕಟ್ಟೆಗೆ ಹೋಗಿ ಮಧ್ಯಾಹ್ನದ ತನಕ ಕೂತು ಬರುತ್ತಿದ್ದರು. ಕೋಟಿಗೆ ಒಂದು ಸುಕ್ಕು ಇರಬಾರದು. ಒಂದೂ.

ಆ ಕೋಟನ್ನು ತೀಡುತ್ತಿದ್ದವಳು ಅಂಬಕ್ಕ, ಅವರ ಎರಡನೇ ಹೆಂಡತಿ. ಬೆಳ್ಳಟ್ಟಿ ಕಡೆಯ ಬಡವರ ಹುಡುಗಿ. ನನ್ನದೇ ವಯಸ್ಸು. ಅವರಿಗೆ ಐವತ್ತು ದಾಟಿತ್ತು. ಮೊದಲನೆಯಾಕೆ ತೀರಿಕೊಂಡು ಮೂರು ವರ್ಷವಾಗಿತ್ತು ಎಂದಷ್ಟೇ ನನಗೆ ಗೊತ್ತಿದ್ದದ್ದು. ಮಕ್ಕಳಿರಲಿಲ್ಲ.

ಇಸ್ತ್ರಿ ಪೆಟ್ಟಿಗೆಯನ್ನು ನಾನು ಮೊದಲು ನೋಡಿದ್ದೇ ಅಲ್ಲಿ. ನಮ್ಮ ಮನೆಯಲ್ಲಿ ತಂಬಿಗೆಯೊಳಗೆ ಕೆಂಡ ಹಾಕಿ ಅರಿವೆಯ ಮೇಲೆ ಉಜ್ಜುತ್ತಿದ್ದೆವು, ಅಷ್ಟೇ. ಇದು ಅಡಿಯಿಂದ ಮುಚ್ಚಳದವರೆಗೆ ದಪ್ಪ ಹಿತ್ತಾಳೆ. ಹಿಡಿಯಲು ಮೇಲೆ ಕಟ್ಟಿಗೆಯ ಹಿಡಿಕೆ. ಮುಂದೆ ಕೋಳಿಹುಂಜದ ಆಕಾರದ ಚಿಲಕ, ಪಕ್ಕದಲ್ಲಿ ಗಾಳಿ ಆಡಲು ಸಾಲಾಗಿ ತೂತು. ಎತ್ತಿದರೆ ರಟ್ಟೆ ನೋಯುವಷ್ಟು ಭಾರ. ರಾತ್ರಿ ಊಟವಾದ ಮೇಲೆ ಅಂಬಕ್ಕ ಒಲೆಯ ಇದ್ದಲಿ ಕೆಂಡ ತುಂಬಿ, ಬೀಸಣಿಗೆಯಿಂದ ಬೀಸಿ, ಪಡಸಾಲೆಯಲ್ಲಿ ಕಂಬಳಿ ಹಾಸಿ ತೀಡಲು ಕೂರುತ್ತಿದ್ದಳು. ಮಾಳಿಗೆಯ ಹಲಗೆಯ ಸಂದಿನಿಂದ ಗಂಜಿ ಸುಡುವ ವಾಸನೆ ನನ್ನ ಖೋಲಿಗೆ ಏರಿ ಬರುತ್ತಿತ್ತು. ಜೊತೆಗೆ ಆ ಸಪ್ಪಳ... ಸರ್ರ್... ಧಪ್... ಸರ್ರ್...

ಒಂದು ದಿನ ಬಾವಿಯ ಹತ್ತಿರ ಅವಳು ತೋಳೇರಿಸಿ ನೀರು ಸೇದುವಾಗ ನೋಡಿದೆ. ಎಡ ಮೊಳಕೈಯ ಕೆಳಗೆ ಸುಟ್ಟ ಗಾಯ. ಒಂದಲ್ಲ, ಮೂರು. ಮೂರಕ್ಕೂ ಒಂದೇ ಆಕಾರ. ಮುಂದೆ ಚೂಪು, ಹಿಂದೆ ಅಗಲ.

"ಏನಿದು ಅಂಬಕ್ಕ?"

"ಇಸ್ತ್ರಿ ಜಾರಿತ್ರಿ ಅಕ್ಕಾರ."

"ಮೂರು ಸಲ ಜಾರಿತೇನು?"

ಅವಳು ತೋಳು ಇಳಿಸಿಕೊಂಡಳು. "ಸಾಹೇಬರ ಕೋಟಿನ್ಯಾಗ ಸುಕ್ಕು ಉಳದಿತ್ರಿ" ಎಂದಳು. ತಾನು ತಪ್ಪು ಮಾಡಿದವಳಂತೆ ತಲೆ ತಗ್ಗಿಸಿಕೊಂಡು ಹೇಳಿದಳು.

ನಾನು ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಗಂಡ ಹೆಂಡರ ನಡುವಿನ ಮಾತು ಬಾಯಾರ. ನಿಮಗ ಇರಾಕ ಜಾಗಾ ಕೊಟ್ಟಾರ, ಅದನ್ನ ನೆನಪಿಡ್ರಿ" ಎಂದರು. ನಾನು ನೆನಪಿಟ್ಟೆ. ಬಾಯಿ ಮುಚ್ಚಿಕೊಂಡೆ. ಈ ಮಾತು ಬರೆಯುವಾಗ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ಮಾಡಿದ್ದು ಒಂದೇ ಕೆಲಸ. ಬಾಪುಸಾಹೇಬರು ಚಾವಡಿಗೆ ಹೋದಾಗ, ಶಾಲೆಗೆ ರಜೆ ಇದ್ದ ದಿನ, ಅಂಬಕ್ಕನಿಗೆ ಅಕ್ಷರ ಕಲಿಸತೊಡಗಿದೆ. ಒಂದು ಪಾಟಿ, ಒಂದು ಬಳಪ ಕೊಟ್ಟೆ. ಅವಳು ಹಸಿದವಳ ಹಾಗೆ ಕಲಿತಳು. ಎರಡು ತಿಂಗಳಲ್ಲಿ ತನ್ನ ಹೆಸರು, ತವರೂರಿನ ಹೆಸರು ಬರೆದಳು. ನಮ್ಮ ಅವ್ವನ ಮನೆ ಎಲ್ಲಿ ಎಂದು ಕೇಳಿ, ಬೆಟಗೇರಿಯ ಓಣಿಯ ಹೆಸರನ್ನೂ ಬರೆದಳು. ಪಾಟಿಯನ್ನು ಅರಿವೆಯ ಟ್ರಂಕಿನ ತಳದಲ್ಲಿ ಬಚ್ಚಿಡುತ್ತಿದ್ದಳು.

ಆ ನಡುವೆ ಒಂದು ಸಂಜೆ ನಮ್ಮ ಓಣಿಯ ಹುಸೇನಸಾಬ ನನ್ನನ್ನು ನಿಲ್ಲಿಸಿದ. ಪಾತ್ರೆಗಳಿಗೆ ಕಲಾಯಿ ಹಾಕುವ, ಬೆಸುಗೆ ಹಾಕುವ ಮುದುಕ.

"ಬಾಯಾರ, ಆ ಮನ್ಯಾಗ ಇಸ್ತ್ರಿ ಇನ್ನೂ ನಡದೈತೇನ್ರಿ?"

"ನಡದೈತಿ. ಯಾಕ?"

ಅವನು ಊದುಗೊಳವೆಯನ್ನು ಕೆಳಗಿಟ್ಟ. "ಹಿಂದಿನ ಅವ್ವಾರು ಇದ್ದಾಗ ಅದರ ಚಿಲಕ ಮುರದಿತ್ತು. ತಾವಽ ತಂದು ಕೊಟ್ರು. ಹುಸೇನಣ್ಣಾ, ಇದು ದುರಸ್ತಿ ಆಗೂದಿಲ್ಲ ಅಂತ ಹೇಳಿಬಿಡು, ನಿನಗ ಪುಣ್ಯಾ ಬರ್ತೈತಿ ಅಂದ್ರು. ಅವರ ಕೈ ನೋಡಿದ್ನಿರಿ... ಬೆರಳಿಂದ ಭುಜದ ತನಕ ಜಾಗಾ ಉಳಿದಿದ್ದಿಲ್ಲ. ಆದ್ರ ಹಿಂದಽ ಸಾಹೇಬರ ಸಿಪಾಯಿ ಬಂದು ನಿಂತ. ನಾ ಹೆದರಿ ರಿಪೇರಿ ಮಾಡಿಕೊಟ್ಟೆ." ಅವನು ಒಲೆಯ ಕೆಂಡ ಕೆದರಿದ. "ಆರು ತಿಂಗಳಿಗೆ ಅವ್ವಾರು ಹ್ವಾದ್ರು. ಜ್ವರ ಅಂದ್ರು. ನಾ ಏನೂ ಕೇಳಲಿಲ್ಲ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದಾಗಿ ಒಂದು ವಾರಕ್ಕೆ ಆ ರಾತ್ರಿ ಬಂತು.

ಮರುದಿನ ಹೊಸ ಸರಕಾರದ ಮಾಮಲೇದಾರರು ಊರಿಗೆ ಬರುವವರಿದ್ದರು. ಬಾಪುಸಾಹೇಬರಿಗೆ ಆಸೆ. ನೋಡಿದರೆ ಮತ್ತೆ ಕೆಲಸಕ್ಕೆ ಕರೆದಾರು ಎಂದು. ಸಂಜೆಯಿಂದಲೇ ಮನೆಯಲ್ಲಿ ಗದ್ದಲ. ಊಟವಾಗಿತ್ತು, ಒಂಬತ್ತರ ಹೊತ್ತು. ನಾನು ಕಂದೀಲಿನ ಬೆಳಕಿನಲ್ಲಿ ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ಕೆಳಗೆ ಟ್ರಂಕಿನ ಮುಚ್ಚಳ ತೆರೆದ ಸಪ್ಪಳ ಕೇಳಿಸಿತು. ಒಳ್ಳೆಯ ಕೋಟನ್ನು ತಾವೇ ಹುಡುಕಲು ಹೋಗಿದ್ದರು.

ಆಮೇಲೆ ಏನೋ ನೆಲಕ್ಕೆ ಬಿದ್ದು ಚೂರಾಯಿತು. ಪಾಟಿ ಎಂದು ನನಗೆ ಆಗಲೇ ತಿಳಿಯಿತು.

"ಯಾರು ಕಲಿಸಿದ್ರು?"

ಅಂಬಕ್ಕನ ಬಳೆಯ ಸಪ್ಪಳ ಹಿಂದಕ್ಕೆ ಸರಿಯಿತು.

"ಕಚೇರಿಯೊಳಗ ಮೂವತ್ತು ವರ್ಷ ನಾ ಬರದೀನಿ. ಈಗ ನನ್ನ ಕೈಯಾಗಿನ ಲೇಖಣಿ ಕಸಕೊಂಡಾರ. ನೀ ಬರೀತಿ? ಈ ಮನ್ಯಾಗ ನೀ ಬರೀತಿ?" ದನಿ ಏರಲಿಲ್ಲ. ಅದೇ ಹೆದರಿಕೆ. ಚಾವಡಿಯಲ್ಲಿ ಮಳೆ ಬೆಳೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. "ಇಸ್ತ್ರಿಗೆ ಕೆಂಡಾ ಹಾಕು."

ಕೆಂಡ ಬಿದ್ದ ಸಪ್ಪಳ. ಬೀಸಣಿಗೆಯ ಸಪ್ಪಳ. ತನ್ನನ್ನು ಸುಡುವ ಕೆಂಡವನ್ನು ಅವಳೇ ಬೀಸುತ್ತಿದ್ದಳು! ಹಲಗೆಯ ಸಂದಿನಲ್ಲಿ ಕೆಂಪು ಬೆಳಕಿನ ಗೆರೆ ಮೂಡಿತು.

"ಯಾವ ಕೈಲೆ ಬರದಿ? ತಾ ಆ ಕೈ."

ನಾನು ಎದ್ದೆ. ಕದದ ಹತ್ತಿರ ಹೋದೆ. ಅಗಳಿಯ ಮೇಲೆ ಕೈ ಇಟ್ಟೆ.

ಈಗ ಸರಿಯಾಗಿ ಕೇಳಿ. ನಾನು ಅಗಳಿ ತೆಗೆಯಲಿಲ್ಲ. ಮೈಯೆಲ್ಲ ಸಿಟ್ಟು ಕುದಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಕೈ ಅಲುಗಲಿಲ್ಲ. ನೌಕರಿ ಹೋದೀತು ಅನ್ನಿಸಿತು. ರಾತ್ರಿ ಹೊರಗೆ ಹಾಕಿದರೆ ಎಲ್ಲಿ ಹೋಗಲಿ ಅನ್ನಿಸಿತು. ಊರು ಏನೆಂದೀತು ಅನ್ನಿಸಿತು. ಇಷ್ಟೆಲ್ಲ ಅನ್ನಿಸುವಷ್ಟು ಹೊತ್ತು ನಾನು ಅಲ್ಲೇ ನಿಂತಿದ್ದೆ.

ಆಗ... ಕದದ ಆಚೆ, ಮೆಟ್ಟಿಲು ಕಿರ್ರ್ ಎಂದಿತು.

ಮಾಳಿಗೆಯ ಮೇಲೆ ನನ್ನ ಖೋಲಿ ಬಿಟ್ಟರೆ ಬೇರೆ ಏನೂ ಇಲ್ಲ. ಆ ಮೆಟ್ಟಿಲು ಶುರುವಾಗುವುದೇ ನನ್ನ ಕದದ ಹೊಸ್ತಿಲಿನಿಂದ. ಮೊದಲನೇ ಮೆಟ್ಟಿಲು. ಎರಡನೇದು. ಯಾರೋ ಬರಿಗಾಲಿನಲ್ಲಿ, ಅವಸರವಿಲ್ಲದೆ, ಕೆಳಗೆ ಇಳಿಯುತ್ತಿದ್ದರು. ನನ್ನ ಕದದಿಂದ ಕೆಳಕ್ಕೆ. ನಾನು ಒಳಗಿದ್ದೆ. ಅಗಳಿ ಹಾಕಿಯೇ ಇತ್ತು.

ಗಂಜಿ ಸುಟ್ಟ ವಾಸನೆ ಕದದ ಸಂದಿನಿಂದ ಗಪ್ಪನೆ ನುಗ್ಗಿತು.

ಕೆಳಗಿನಿಂದ ಬಾಪುಸಾಹೇಬರ ದನಿ. "ನೀವ್ಯಾಕ ಬಂದ್ರಿ ಕೆಳಗ? ನಿಮಗ ಸಂಬಂಧ ಇಲ್ಲದ ಮಾತು. ಮ್ಯಾಲ ನಡೀರಿ."

ಯಾರಿಗೆ ಹೇಳುತ್ತಿದ್ದಾರೆ?

"ನಡೀರಿ ಅಂದೆ... ಏ... ಬಿಡ್ರಿ... ಅದು ಸುಡತೈತಿ... ಹುಚ್ಚು ಹಿಡದೈತೇನು ನಿಮಗ? ಬಿಡ್ರಿ!"

ಈ ಸಲ ದನಿ ಏರಿತ್ತು. ನಂತರ ಧಡ್ ಎಂದು ಭಾರದ್ದೊಂದು ನೆಲಕ್ಕೆ ಬಿತ್ತು, ಮನೆಯೇ ಅಲುಗುವ ಹಾಗೆ. ಒಬ್ಬ ಗಂಡಸು ಚಿಕ್ಕ ಕೂಸಿನಂತೆ ಕುಂಯ್‌ಗುಟ್ಟುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತಲೆಬಾಗಿಲಿನ ಅಡ್ಡಗೋಲು ಸರಿದ ಸಪ್ಪಳ. ಆಮೇಲೆ ಏನೂ ಇಲ್ಲ.

ನಾನು ಅಗಳಿ ಹಿಡಿದುಕೊಂಡೇ ಬೆಳಗಿನ ತನಕ ನಿಂತೆ. ಕೂತರೆ ಕದ ತಾನೇ ತೆರೆದೀತು ಎಂಬ ಭಯ.

ಬೆಳಕು ಹರಿದ ಮೇಲೆ ಕೆಳಗೆ ಇಳಿದೆ. ಪಡಸಾಲೆಯಲ್ಲಿ ಬಾಪುಸಾಹೇಬರು ಗೋಡೆಗೆ ಆತುಕೊಂಡು ಕೂತಿದ್ದರು. ಬಲಗೈಗೆ ಒದ್ದೆ ಅರಿವೆ ಸುತ್ತಿಕೊಂಡಿದ್ದರು. ಇಸ್ತ್ರಿ ಅವರ ಒಳ್ಳೆಯ ಕೋಟಿನ ಬೆನ್ನಿನ ಮೇಲೆ ಕೂತು, ಕೆಳಗಿನ ಕಂಬಳಿಯ ತನಕ ಸುಟ್ಟು ಆರಿತ್ತು. ಸುತ್ತ ಪಾಟಿಯ ಚೂರು. ಅಂಬಕ್ಕ ಇರಲಿಲ್ಲ.

ನನ್ನನ್ನು ನೋಡಿದ್ದೇ ತಡ, ಆ ಮನುಷ್ಯ ಗೋಡೆಯೊಳಗೆ ಸೇರಿಕೊಳ್ಳುವಂತೆ ಹಿಂದಕ್ಕೆ ಸರಿದರು.

"ಕೈ... ಕೈ ತೋರಸ್ರಿ" ಎಂದರು.

ನನಗೆ ಅರ್ಥವಾಗಲಿಲ್ಲ. "ಅಂಬಕ್ಕ ಎಲ್ಲಿ?" ಎಂದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಹೊರಗೆ ಓಡಿದೆ. ಬಾವಿ ನೋಡಿದೆ. ಮೊದಲು ಬಾವಿಯನ್ನೇ ನೋಡಿದೆ. ನೀರು ಸುಮ್ಮನಿತ್ತು.

ಅಂದೇ ಮಧ್ಯಾಹ್ನ ಅವರು ಶಾಲೆಗೆ ದೂರು ಕೊಟ್ಟರು. ಬಾಡಿಗೆಗಿದ್ದ ಶಿಕ್ಷಕಿ ರಾತ್ರಿ ಕೆಳಗಿಳಿದು ಬಂದು, ನಿಗಿನಿಗಿ ಕೆಂಡ ತುಂಬಿದ ಇಸ್ತ್ರಿಯ ತಳಕ್ಕೆ ಬರಿಗೈ ಹಾಕಿ, ಅದನ್ನು ಕಸಿದುಕೊಂಡು, ತಮ್ಮ ಕೈ ಸುಟ್ಟು, ಹೆಂಡತಿಯನ್ನು ಮನೆ ಬಿಡಿಸಿ ಕರೆದೊಯ್ದಳು ಎಂದು.

ಶಾಲೆಯಲ್ಲಿ ಹೆಡ್‌ಮಾಸ್ತರರೂ ಊರಿನ ಇಬ್ಬರು ಹಿರಿಯರೂ ಕೂತರು. ನನ್ನನ್ನು ಕರೆಸಿದರು.

"ನಾ ಖೋಲಿ ಬಿಟ್ಟು ಹೊರಗ ಬಂದಿಲ್ಲ. ಅವರು ಸುಳ್ಳು ಹೇಳತಾರ" ಎಂದೆ.

"ಕೈ ತೋರಸ್ರಿ."

ಎರಡೂ ಅಂಗೈ ಚಾಚಿದೆ. ಮೂವರೂ ಬಗ್ಗಿ ನೋಡಿದರು. ಒಬ್ಬರು ಬೆರಳಿನಿಂದ ಒತ್ತಿಯೂ ನೋಡಿದರು. ಸುಣ್ಣದ ಕಡ್ಡಿಯ ಬಿಳಿ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಒಂದು ಗುಳ್ಳೆಯೂ ಇಲ್ಲ.

"ಅಂಬಕ್ಕನ ತೋಳು ಯಾರರ ನೋಡೀರೇನ್ರಿ?" ಎಂದು ನಾನು ಕೂಗಿದೆ. ಕಿಟಕಿಯಾಚೆ ಮಕ್ಕಳು ಓದುವುದನ್ನು ನಿಲ್ಲಿಸಿದವು. "ಮೂರು ಬರೆ ಅದಾವ. ಮೊದಲನೇ ಅವ್ವಾರ ಕೈ ನೋಡಿದ್ರೇನು? ನನ್ನ ಕೈ ಯಾಕ ನೋಡತೀರಿ?"

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ನನ್ನ ಮೇಲೆ ಏನೂ ಸಾಬೀತಾಗಲಿಲ್ಲ. ಅದೇ ವಾರ ನನಗೆ ಬೇರೆ ಊರಿಗೆ ವರ್ಗವಾಯಿತು.

ಗಂಟುಮೂಟೆ ಕಟ್ಟುವ ದಿನ ಹುಸೇನಸಾಬ ಕರೆದು ಗೋಣಿಚೀಲ ಬಿಚ್ಚಿ ತೋರಿಸಿದ. ಅದೇ ಇಸ್ತ್ರಿ. ಬಾಪುಸಾಹೇಬರು ಮೋಡಿಗೆ, ಹಳೆ ಹಿತ್ತಾಳೆಯ ತೂಕಕ್ಕೆ, ಕೊಟ್ಟಿದ್ದರಂತೆ. ತಳದ ನುಣುಪು ಹಿತ್ತಾಳೆಯ ಮೇಲೆ ನಾಲ್ಕು ಕಪ್ಪು ಗುರುತು, ಸಾಲಾಗಿ, ಬೆರಳಿಟ್ಟ ಹಾಗೆ.

"ಹುಣಸಿಹಣ್ಣು ಹಚ್ಚಿದೆ, ಬೂದಿ ಹಚ್ಚಿದೆ. ಹೋಗವಲ್ಲದು ಬಾಯಾರ" ಎಂದ ಅವನು. ಅವನು ನನ್ನ ಎದುರಿಗೇ ಸುತ್ತಿಗೆ ತಗೊಂಡು ಅದನ್ನು ಚೂರು ಚೂರು ಮಾಡಿದ. ಕರಗಿಸಿ ಪಾತ್ರೆ ಮಾಡಲು ಮನಸ್ಸಾಗಲಿಲ್ಲ ಎಂದು ಊರ ಹೊರಗಿನ ಹಾಳು ಬಾವಿಗೆ ಹಾಕಿ ಬಂದ.

ಹೊಸ ಊರಿಗೆ ಹೋಗುವ ಮೊದಲು ನಾನು ಬೆಟಗೇರಿಗೆ ಬಂದು ಮನೆಯ ಬಾಗಿಲು ತಟ್ಟಿದರೆ, ತೆರೆದವಳು ಅಂಬಕ್ಕ!

ಆ ರಾತ್ರಿಯೇ ಮನೆ ಬಿಟ್ಟಿದ್ದಳು. ಬೆಳಗಿನ ಮೊದಲ ಮೋಟಾರು ಹತ್ತಿ ಗದಗಿಗೆ ಬಂದು, ಪಕ್ಕದ ಬೆಟಗೇರಿಯಲ್ಲಿ ಓಣಿ ಕೇಳಿಕೊಂಡು ನಮ್ಮ ಅವ್ವನ ಮನೆ ಸೇರಿದ್ದಳು. ಅವಳ ಬಲಗೈ ನೆಟ್ಟಗಿತ್ತು. ನನ್ನ ಕಾಲಿಗೆ ಬಿದ್ದು, "ನೀವು ಬರದಿದ್ರ ನನ್ನ ಕೈ ಹೋಗತಿತ್ರಿ ಅಕ್ಕಾರ" ಎಂದು ಅತ್ತಳು.

ನಾನು ಬಂದಿರಲಿಲ್ಲ ಎಂದು ಬಾಯಿಬಿಡಲಿಲ್ಲ. ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ಅವ್ವ ನನ್ನ ತಲೆ ಸವರಿ, "ನನ್ನ ಮಗಳು ಧೈರ್ಯದಾಕಿ" ಎಂದಳು. ಅದಕ್ಕೂ ಸುಮ್ಮನಿದ್ದೆ. ಏನಾಯಿತೆಂದು ಅಂಬಕ್ಕನನ್ನು ಕೇಳಬಹುದಿತ್ತು. ಕೇಳಲಿಲ್ಲ. ಉತ್ತರ ಏನು ಬಂದೀತು ಎಂಬುದು ಗೊತ್ತಿತ್ತೇನೋ.

ಅಂಬಕ್ಕ ನಮ್ಮ ಮನೆಯಲ್ಲೇ ಉಳಿದಳು. ಬಾಪುಸಾಹೇಬರು ಹುಡುಕಿಕೊಂಡು ಬರಲಿಲ್ಲ. ಮನೆಗೆ ಬೀಗ ಹಾಕಿ ನೆಂಟರ ಊರಿಗೆ ಹೋದರೆಂದು ಸುದ್ದಿ ಬಂತು. ಅವಳು ಓದಿ, ಪರೀಕ್ಷೆ ಕಟ್ಟಿ, ನರ್ಸಿನ ತರಬೇತಿ ಮುಗಿಸಿ ಗದಗಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಸುಟ್ಟ ಗಾಯದವರು ಬಂದರೆ ಬೇರೆಯವರಿಗೆ ಬಿಡದೆ ತಾನೇ ಹೋಗುತ್ತಿದ್ದಳಂತೆ.

ಕರ್ನಾಟಕ ಒಂದಾದ ದಿನ ನಮ್ಮ ಓಣಿಯಲ್ಲೂ ತೋರಣ ಕಟ್ಟಿದ್ದರು. ಬ್ಯಾಂಡಿನವರು ಬಾರಿಸುತ್ತ ಹೋದರು. ಅಂಬಕ್ಕ ಪೇಢೆ ತಂದಿದ್ದಳು. ಅಡುಗೆಮನೆಯಲ್ಲಿ ನಾವಿಬ್ಬರೇ ಕೂತಿದ್ದೆವು. ಅವಳು ಅವ್ವನಿಗೆ ಕೇಳುವಂತೆ, "ಎಲ್ಲಾ ಅಕ್ಕಾರ ಪುಣ್ಯಾ" ಎಂದು ಕೂಗಿ ಹೇಳಿದಳು. ಇಷ್ಟು ವರ್ಷ ನುಂಗಿದ್ದು ಅವತ್ತು ಗಂಟಲಲ್ಲಿ ಇಳಿಯಲಿಲ್ಲ.

"ಅಂಬಕ್ಕ, ಆ ರಾತ್ರಿ ನಾ ಕೆಳಗ ಬರಲಿಲ್ಲ."

ಅವಳು ನಕ್ಕಳು. "ಬಿಡ್ರಿ ಅಕ್ಕಾರ, ಚ್ಯಾಷ್ಟಿ."

"ಖರೇನ ಹೇಳತೀನಿ. ಅಗಳಿ ಹಿಡಕೊಂಡು ಒಳಗ ನಿಂತಿದ್ದೆ. ಬೆಳಗಾಗೂ ತನಕ."

ಅವಳ ನಗು ನಿಂತಿತು. ಕೈಯಲ್ಲಿದ್ದ ಪೇಢೆಯನ್ನು ಮೆಲ್ಲಗೆ ತಟ್ಟೆಗೆ ಇಟ್ಟಳು. ನನ್ನ ಮುಖ ನೋಡಿದಳು. ಹೊರಗೆ ಬ್ಯಾಂಡು ದೂರವಾಗುತ್ತಿತ್ತು.

"ಹಂಗಾರ..." ಎಂದಳು, ಪಿಸುದನಿಯಲ್ಲಿ. "ಮೋಟಾರು ನಿಲ್ಲೂ ಬೇವಿನಗಿಡದ ಕೆಳಗ, ಮೋಟಾರು ಬರೂ ತನಕ ನನ್ನ ಕೈ ಹಿಡಕೊಂಡು ಕುಂತಾಕಿ ಯಾರ್ರಿ? ಇಡೀ ರಾತ್ರಿ ಬಿಡಲಿಲ್ಲ. ಸೆರಗ ಮುಚ್ಚಿಕೊಂಡಿದ್ರಿ, ಆದ್ರ ಮುಖ ನಿಮ್ಮದಽ. ಮಾತಾಡಲಿಲ್ಲ. ಕೈ ಮಾತ್ರ ಕಾದ ಹಂಚಿನಂಗ ಇತ್ತು. ಸುಡಲಿಲ್ಲ, ಬಿಸಿ ಇತ್ತು."

ನಾನು ನನ್ನ ಅಂಗೈ ತಿರುಗಿಸಿ ನೋಡಿಕೊಂಡೆ. ಇವತ್ತಿಗೂ ಆಗಾಗ ನೋಡಿಕೊಳ್ಳುತ್ತೇನೆ.

ಕೇಳಿದವರೆಲ್ಲ ಮೊದಲನೇ ಹೆಂಡತಿ ಎನ್ನುತ್ತಾರೆ. ಇರಬಹುದು. ತನಗಾಗಿ ಯಾರೂ ಬಾರದ ಮನೆಯಲ್ಲಿ ಆ ಹೆಣ್ಣುಮಗಳು ಇನ್ನೊಬ್ಬಳಿಗಾಗಿ ಬಂದಿರಬಹುದು. ಹಾಗಾದರೆ ತನ್ನ ಮುಖದಲ್ಲೇ ಬರಬೇಕಿತ್ತಲ್ಲ? ಆ ಗಂಡ ನೋಡಿ ಎದೆಯೊಡೆದು ಸಾಯುತ್ತಿದ್ದ. ನನ್ನ ಮುಖವನ್ನು ಯಾಕೆ ತೊಟ್ಟುಕೊಂಡಳು? ಎಲ್ಲರೂ ನನ್ನನ್ನು ಧೈರ್ಯದವಳು ಎನ್ನುವ ಹಾಗೆ ಮಾಡಿ, ಅಷ್ಟು ವರ್ಷ ನಾನೊಬ್ಬಳೇ ಹಾಗಲ್ಲವೆಂದು ತಿಳಿದಿರುವ ಹಾಗೆ ಯಾಕೆ ಮಾಡಿದಳು?

ನಾನೀಗ ಒಂಟಿಯಾಗಿ ಮಾಳಿಗೆ ಇಲ್ಲದ ಮನೆಯಲ್ಲಿ ಇದ್ದೇನೆ, ಮೆಟ್ಟಿಲಿಲ್ಲದ ಮನೆ. ಆದರೂ ಕೆಲವು ರಾತ್ರಿ, ಓಣಿಯಲ್ಲಿ ಎಲ್ಲೋ ಯಾವಳೋ ಅಳುವುದು ಕೇಳಿಸಿದರೆ, ನಾನು ಏಳುವ ಮೊದಲೇ ನನ್ನ ಕದದಾಚೆ ಯಾರೋ ಎದ್ದ ಹಾಗೆ ಅನ್ನಿಸುತ್ತದೆ. ಅದಕ್ಕೆ ಈಗೀಗ ತಡ ಮಾಡುವುದಿಲ್ಲ. ಕದ ತೆಗೆದು, ಕಂದೀಲು ಹಿಡಿದು ನಾನೇ ಹೋಗುತ್ತೇನೆ. ಹೋಗುವಾಗ ಹಿಂದೆ ತಿರುಗಿ ಮಾತ್ರ ನೋಡುವುದಿಲ್ಲ...